ಸುಮಿತ್ರಾಳ ತಾಯಿಗೊಂದು ಹೆಸರು

ಶಿರಗುಪ್ಪಿ, ತಾ. ಕಾಗವಾಡ
17 ಜುಲೈ 2024, ಬುಧವಾರ

ಕಾದಂಬರಿ ಬರೆಯುವ ವನಮಾಲಾ ಹೊಸಕೇರಿ ಮೇಡಂ ಅವರಿಗೆ ಶಿರಗುಪ್ಪಿಯಿಂದ ರುಕ್ಮವ್ವ ಮಾಡುವ ನಮಸ್ಕಾರಗಳು.

ಇವತ್ತು ಆಷಾಢ ಏಕಾದಶಿ. ನನಗೆ ಉಪವಾಸ. ಬೆಳಿಗ್ಗೆ ಅಂಗಳಕ್ಕೆ ಸೆಗಣಿ ನೀರು ಚಿಮುಕಿಸಿ, ಎರಡು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದು, ತುಳಸಿಗೆ ನೀರೆರೆದು, ಮನೆಯವರಿಗೆ ಸಾಬೂದಾಣಿ ಖಿಚಡಿ ಮಾಡಿಟ್ಟು ಈಗ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾನು ಊರ ಸಾಲೆಯಲ್ಲಿ ಏಳನೇ ಇಯತ್ತೆ ಓದಿದವಳು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಿಮ್ಮ ‘ಹನ್ನೊಂದನೇ ಮೈಲಿಗಲ್ಲು’ ಎಂಬ ಪುಸ್ತಕವನ್ನು ಪಕ್ಕದ ಮನೆಯ ಹುಡುಗಿಯೊಬ್ಬಳು ನಮ್ಮಲ್ಲಿ ಮರೆತು ಹೋಗಿದ್ದಳು. ನಾನು ಹರಿವಿಜಯ, ಶಿವಲೀಲೆ ಬಿಟ್ಟು ಬೇರೆ ಪುಸ್ತಕ ಓದಿದವಳಲ್ಲ. ಸುಮ್ಮನೆ ಒಂದು ಹಾಳೆ ನೋಡೋಣ ಎಂದು ತೆರೆದೆ. ಹಾಲು ಉಕ್ಕಿ ಒಲೆ ಆರಿತು. ಮರುದಿನ ರೊಟ್ಟಿ ಹೊತ್ತಿತು. ಮೂರನೇ ದಿನ ಮುಗಿಸಿಯೇ ಎದ್ದೆ.

ಮೇಡಂ, ನೀವು ಮಾಡಿದ್ದು ಸರಿಯಲ್ಲ. ಜಡ್ಜ್ ಸಾಹೇಬರ ಮಗಳು ಸುಮಿತ್ರಾ, ಅವರ ಮನೆಯ ಡ್ರೈವರನ ಮಗ ಆನಂದ. ಇಬ್ಬರ ಮನಸ್ಸು ಕೂಡಿತು, ಮನೆಯಲ್ಲಿ ಬೇಡ ಎಂದರು, ಅವಳು ಚೀಲ ಹಿಡಿದು ಹನ್ನೊಂದನೇ ಮೈಲಿಗಲ್ಲಿನ ಹತ್ತಿರ ಬಂದು ನಿಂತಳು, ಬಸ್ಸು ದೂರದಲ್ಲಿ ಕಂಡಿತು. ಅಲ್ಲಿಗೆ ಪುಸ್ತಕ ಮುಗಿದಿದೆ! ಮುಂದಿನ ಭಾಗ ದೀಪಾವಳಿಗೆ ಎಂದು ಅಚ್ಚು ಹಾಕಿಸಿದ್ದೀರಿ. ನನಗೆ ದೀಪಾವಳಿಯ ತನಕ ಕಾಯುವ ಹಾಗಿಲ್ಲ. ಅವಳು ಬಸ್ಸು ಹತ್ತುತ್ತಾಳೋ, ಮನೆಗೆ ತಿರುಗುತ್ತಾಳೋ ಅದಷ್ಟನ್ನು ಒಂದು ಕಾರ್ಡಿನಲ್ಲಿ ತಿಳಿಸಿ.

ಆ ಹುಡುಗಿ ಒಂದು ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ: ‘ಬೇಡ ಎಂದವರ ಮುಖ ಅವಳಿಗೆ ನೆನಪಿರಲಿಲ್ಲ, ಬಾ ಎಂದವನ ದನಿ ಮಾತ್ರ ಕಿವಿಯಲ್ಲಿತ್ತು.’ ಇದನ್ನು ಓದಿ ನನಗೆ ಹೇಗೋ ಆಯಿತು. ಇನ್ನೊಂದು ಮಾತು. ನಿಮ್ಮ ಪುಸ್ತಕದಲ್ಲಿ ಡ್ರೈವರನಿಗೆ ಹೆಸರಿದೆ, ಜಡ್ಜರ ನಾಯಿಗೂ ಹೆಸರಿದೆ. ಸುಮಿತ್ರಾಳ ತಾಯಿಗೆ ಮಾತ್ರ ಹೆಸರಿಲ್ಲ. ಇನ್ನೂರ ನಲವತ್ತು ಪುಟ ಅವಳು ಬಾಗಿಲಲ್ಲೇ ನಿಂತಿದ್ದಾಳೆ. ಒಲೆ ಯಾರು ಹೊತ್ತಿಸಿದರು?

ಪತ್ರ ಮನೆಗೆ ಬರುವುದು ಬೇಡ, ಕಚೇರಿಯಲ್ಲೇ ಇಟ್ಟುಕೋ ಎಂದು ನಮ್ಮೂರ ಟಪಾಲಿನ ಜಿನ್ನಪ್ಪನಿಗೆ ಹೇಳಿದ್ದೇನೆ. ಅವನು, ‘ಇಟ್ಕೋತೀನ್ರಿ ವೈನಿ. ಆದ್ರ ನಿಮ್ಮ ಮನಿ ಮಂದಿ ಬಿಟ್ಟು ಇನ್ನೊಬ್ಬರ ಕೈಯಾಗ ಕೊಡಾಂಗಿಲ್ಲ ನೋಡ್ರಿ. ಸರ್ಕಾರಿ ಟಪಾಲ ಐತಿ,’ ಎಂದಿದ್ದಾನೆ. ಹಾಲು ಹಾಕಿ ಬರುವಾಗ ನಾನೇ ಹೋಗಿ ನೋಡುತ್ತೇನೆ.

ರುಕ್ಮವ್ವ ಬಾಬಾಸಾಹೇಬ ಪಾಟೀಲ


ತುಮಕೂರು
2 ಆಗಸ್ಟ್ 2024

ಶ್ರೀಮತಿ ರುಕ್ಮವ್ವ ಅವರಿಗೆ,

ನಿಮ್ಮ ಪತ್ರ ಪ್ರಕಾಶಕರ ಮೂಲಕ ತಲುಪಿತು. ಓದಿದ್ದಕ್ಕೆ ಕೃತಜ್ಞತೆಗಳು.

ನನ್ನ ಕಾದಂಬರಿಗಳಿಂದ ಹುಡುಗಿಯರು ದಾರಿ ತಪ್ಪುತ್ತಾರೆ ಎಂಬ ಆಕ್ಷೇಪಣೆ ನನಗೆ ಹೊಸದಲ್ಲ. ಪಕ್ಕದ ಮನೆಯ ಹುಡುಗಿ ಏನು ಓದುತ್ತಾಳೆ, ಎಲ್ಲಿ ಗೆರೆ ಎಳೆಯುತ್ತಾಳೆ ಎಂಬುದನ್ನು ಅವಳಿಗೇ ಬಿಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ನಾನು ಬರೆಯುವುದು ಕಲ್ಪನೆಯಿಂದ. ಯಾರ ಮನೆಯ ಮಗಳಿಗೂ ಉಪದೇಶ ಮಾಡಲು ಅಲ್ಲ.

ಸುಮಿತ್ರಾ ಏನು ಮಾಡುತ್ತಾಳೆ ಎಂಬುದನ್ನು ಎರಡನೇ ಭಾಗ ಬರುವ ಮೊದಲು ಹೇಳುವಂತಿಲ್ಲ. ಕ್ಷಮಿಸಿ.

ವನಮಾಲಾ ಹೊಸಕೇರಿ


ಶಿರಗುಪ್ಪಿ
12 ಆಗಸ್ಟ್ 2024, ಶ್ರಾವಣ ಸೋಮವಾರ

ವನಮಾಲಾ ಮೇಡಂ ಅವರಿಗೆ ನಮಸ್ಕಾರ.

ನಾನು ನಿಮ್ಮನ್ನು ಬೈದು ಬರೆದಿರಲಿಲ್ಲ. ಬೈಯುವುದಿದ್ದರೆ ಐದು ರೂಪಾಯಿ ಕೊಟ್ಟು ಲಕೋಟೆ ಯಾಕೆ ತರಲಿ, ಮನೆಯಲ್ಲಿ ಎಮ್ಮೆ ಇವೆ. ನೀವು ನಾನು ಕೇಳಿದ್ದನ್ನು ಬಿಟ್ಟು ಕೇಳದೇ ಇದ್ದುದಕ್ಕೆ ಉತ್ತರ ಬರೆದಿದ್ದೀರಿ. ಇರಲಿ.

ನಿಮ್ಮ ಪತ್ರಕ್ಕೆ ಒಮ್ಮೆ ಸಕ್ಕುಬಾಯಿಯನ್ನು ಕಳಿಸಿದ್ದೆ, ನನ್ನ ಬಾಲ್ಯದ ಗೆಳತಿ, ನನ್ನ ತವರಿನಿಂದಲೇ ಈ ಊರಿಗೆ ಸೊಸೆಯಾಗಿ ಬಂದವಳು. ಜಿನ್ನಪ್ಪ ಕೊಡಲಿಲ್ಲ. ‘ಎರಡ ಊರಿನ ನೀರ ಕುಡದಾಕಿ ನಾ, ನನ್ನ ಮ್ಯಾಲ ಇಶ್ವಾಸ ಇಲ್ಲೇನೋ?’ ಎಂದು ಇವಳು ಜಗಳ ತೆಗೆದಳಂತೆ. ‘ನಿನ್ನ ಮ್ಯಾಲ ಐತಬೇ, ನಿನ್ನ ಬಾಯಿ ಮ್ಯಾಲ ಇಲ್ಲ,’ ಎಂದು ಅವನು. ಊರೆಲ್ಲ ನಕ್ಕಿತು. ಆಮೇಲೆ ನಾನೇ ಹೋದೆ.

ಸಕ್ಕುಬಾಯಿಯ ಸೊಸೆ ಚಿಕ್ಕೋಡಿಯ ವಾಚನಾಲಯದಿಂದ ಇನ್ನೆರಡು ಪುಸ್ತಕ ತಂದುಕೊಟ್ಟಳು. ಒಂದು ನಿಮ್ಮದು, ಒಂದು ಬೇರೆಯವರದು. ಎರಡರಲ್ಲೂ ಒಂದು ಹುಡುಗಿ, ಒಂದು ಬೇಲಿ. ಬೇಲಿ ಎಷ್ಟು ಎತ್ತರವೋ ಅಷ್ಟು ಓದಿಸಿಕೊಂಡು ಹೋಗುತ್ತದೆ. ಮೊದಲು ನಾನು, ಇದು ನಮ್ಮ ಎಮ್ಮೆಯ ಬುದ್ಧಿ ಎಂದುಕೊಂಡೆ. ಗೋದಲಿಯಲ್ಲಿ ಮೇವಿದ್ದರೂ ಬೇಲಿಯ ಆಚೆ ಕತ್ತು ಚಾಚುತ್ತದೆ. ಅಲ್ಲಿರುವುದೂ ಅದೇ ಮೇವು. ಆದರೆ ಪೂಜೆಗೆ ಕುಳಿತಾಗಲೂ ಸುಮಿತ್ರಾ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ನನಗೇನು ಆಗಿದೆ ಎಂದು ಹುಡುಕಿ ನೋಡಿದೆ. ಮೇಡಂ, ನನಗೆ ಜನ್ಮದಲ್ಲಿ ಯಾರೂ ಯಾವುದನ್ನೂ ಬೇಡ ಎನ್ನಲಿಲ್ಲ. ಯಾಕೆಂದರೆ ನಾನು ಯಾವುದನ್ನೂ ಬೇಕು ಎಂದಿರಲಿಲ್ಲ. ಹದಿನೆಂಟಕ್ಕೆ ಲಗ್ನ ಆಯಿತು, ಬಂದೆ. ಇವರು ಒಳ್ಳೆಯ ಮನುಷ್ಯ. ಒಂದು ದಿನ ಕೈ ಎತ್ತಿದವರಲ್ಲ. ದೇವರಿಗೆ ಬೇಡಿಕೊಂಡಿದ್ದೆಲ್ಲ ಮಳೆ, ಮಕ್ಕಳು, ಕಬ್ಬು, ಎಮ್ಮೆಯ ಕರು. ನನಗೆ ಅಂತ ಏನು ಬೇಡಿದ್ದೆ ಎಂದು ನೆನೆದರೆ ಒಂದೂ ಸಿಗಲಿಲ್ಲ. ಪಾಪ ಆ ಹುಡುಗಿ ಒಂದನ್ನು ಬೇಡಿದಳಲ್ಲ, ಅದಕ್ಕೇ ಅವಳ ಹಿಂದೆ ಮೈಲಿಗಲ್ಲಿನ ತನಕ ನಡೆದೆನೋ ಏನೋ.

ಆನಂದ ಕಣ್ಣು ಮುಚ್ಚಿದ್ದರೂ ಸುಮಿತ್ರಾಳ ಬಳೆಯ ಸಪ್ಪಳ ಗುರುತಿಸುತ್ತಾನೆ ಎಂದು ಬರೆದಿದ್ದೀರಿ. ಊಟಕ್ಕೆ ಬಡಿಸುವಾಗ ಇವರನ್ನು ಕೇಳಿಯೇಬಿಟ್ಟೆ. ‘ಅಲ್ರಿ, ನನ್ನ ಬಳಿ ಸಪ್ಪಳ ನಿಮಗ ಗುರ್ತ ಸಿಗತೈತೇನ್ರಿ?’ ಇವರು ತುತ್ತು ನಿಲ್ಲಿಸಿ ನನ್ನ ಕೈ ನೋಡಿ, ‘ಯಾಕ, ಒಡದಾವೇನು? ಬಳಿಗಾರ ಬರಲಿ ತಡಿ,’ ಎಂದರು.

ಪಕ್ಕದ ಮನೆಯ ಹುಡುಗಿಗೆ ರಾಯಬಾಗದ ಕಡೆಯ ಸ್ಥಳ ಬಂದಿದೆ. ಹುಡುಗನ ಹೆಸರು ಶಿವರಾಜ, ಸಕ್ಕರೆ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ. ತುಳಸಿ ಲಗ್ನ ಆದ ಮೇಲಿನ ಮೊದಲ ಮುಹೂರ್ತಕ್ಕೆ ಎಂದು ಮಾತು ನಡೆದಿದೆ. ಅವಳು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ರಾತ್ರಿ ಒಂದೇ ರೊಟ್ಟಿ ತಿನ್ನುತ್ತಾಳೆ. ಅದಕ್ಕೇ ಕೇಳಿದ್ದು, ಸುಮಿತ್ರಾ ಏನು ಮಾಡುತ್ತಾಳೆ ಎಂದು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಮಗಳು ಚೀಲ ಹಿಡಿದು ಹೋದ ದಿನ ಸುಮಿತ್ರಾಳ ತಾಯಿ ಏನು ಉಂಡಳು?

ರುಕ್ಮವ್ವ


ತುಮಕೂರು
30 ಆಗಸ್ಟ್ 2024

ಪ್ರೀತಿಯ ರುಕ್ಮವ್ವ ಅವರಿಗೆ,

ನಿಮ್ಮ ಮೊದಲ ಪತ್ರವನ್ನು ತಪ್ಪಾಗಿ ಓದಿದೆ. ನನಗೆ ಬರುವ ಬೈಗುಳದ ಪತ್ರಗಳೂ ‘ಪಕ್ಕದ ಮನೆಯ ಹುಡುಗಿ’ ಎಂದೇ ಶುರುವಾಗುತ್ತವೆ, ಆ ಚಾಳಿ. ಬಳೆಗಾರನ ಸಂಗತಿ ಓದಿ ಎಷ್ಟು ನಕ್ಕೆನೆಂದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಇಪ್ಪತ್ತು ವರ್ಷದಿಂದ ಪ್ರೇಮದ ಬಗ್ಗೆ ಬರೆಯುತ್ತಿದ್ದೇನೆ, ಅಂಥ ಒಂದು ಮಾತು ನನಗೆ ಹೊಳೆದಿಲ್ಲ.

ನಿಮಗೊಬ್ಬರಿಗೇ ಹೇಳುತ್ತೇನೆ: ಸುಮಿತ್ರಾ ಬಸ್ಸು ಹತ್ತುತ್ತಾಳೆ. ಹತ್ತದಿದ್ದರೆ ಓದುಗರು ನನ್ನನ್ನು ಬಿಟ್ಟಾರೆಯೇ?

ಆ ಪಕ್ಕದ ಮನೆಯ ಹುಡುಗಿಗೂ ನನ್ನ ಪರವಾಗಿ ಹೇಳಿ. ಬಸ್ಸು ಬಂದಾಗ ಹತ್ತಿಬಿಡಬೇಕು, ಅದು ಎರಡನೇ ಸಲ ನಿಲ್ಲುವುದಿಲ್ಲ. ತಾಯಂದಿರು ಒಂದು ವರ್ಷ ಅಳುತ್ತಾರೆ, ಆಮೇಲೆ ಮೊಮ್ಮಗುವಿಗೆ ಕುಲಾವಿ ಹೆಣೆದುಕೊಂಡು ಬರುತ್ತಾರೆ.

ತಾಯಿ ಏನು ಉಂಡಳು ಎಂದು ಕೇಳಿದ್ದೀರಿ. ಕಾದಂಬರಿಯಲ್ಲಿ ಅಷ್ಟು ಸಣ್ಣ ವಿವರಕ್ಕೆ ಜಾಗ ಇರುವುದಿಲ್ಲ.

ನಿಮ್ಮ ವನಮಾಲಾ


ಶಿರಗುಪ್ಪಿ
12 ಸೆಪ್ಟೆಂಬರ್ 2024

ಮೇಡಂ ಅವರಿಗೆ,

ಇವತ್ತು ಹಬ್ಬದ ಗೌರಿಯನ್ನು ಹೊಳೆಗೆ ಕಳಿಸಿಕೊಟ್ಟು ಬಂದು ಬರೆಯುತ್ತಿದ್ದೇನೆ.

ಆ ಹುಡುಗಿ ಪಕ್ಕದ ಮನೆಯವಳಲ್ಲ. ನನ್ನ ಮಗಳು ಪ್ರಾಜಕ್ತಾ. ಪುಸ್ತಕ ಸಿಕ್ಕಿದ್ದು ನಮ್ಮ ಕೌದಿಯ ಮಡಿಕೆಯಲ್ಲಿ. ಅದರೊಳಗೆ ಗುರುತಿಗೆ ಇಟ್ಟಿದ್ದು ನಮ್ಮ ಎಮ್ಮೆಗೆ ಸೂಜಿ ಹಾಕಿದ ಚೀಟಿ, ಕೆಳಗೆ ಬಾಳೇಶನ ಸಹಿ. ಬಾಳೇಶ ದನದ ದವಾಖಾನೆಯಲ್ಲಿ ಕೆಲಸಕ್ಕಿರುವ ಹುಡುಗ, ಊರಾಚೆಯ ದಿಬ್ಬ, ಮಡ್ಡಿಯ ಮೇಲಿರುವ ಕುರಿಯ ಕಾಡಸಿದ್ದನ ಮಗ. ಒಳ್ಳೆಯವನು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮವನಲ್ಲ. ಕರೆದಾಗಲೆಲ್ಲ ಹಿತ್ತಲಿನಿಂದ ಬರುತ್ತಾನೆ, ಎಮ್ಮೆಗೆ ಸೂಜಿ ಹಾಕಿ ಹಿತ್ತಲಿನಿಂದಲೇ ಹೋಗುತ್ತಾನೆ. ಗೌರಿ ಕೂಡ್ರಿಸಿದ ದಿನ ಪ್ರಾಜಕ್ತಾ ಆರತಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು, ‘ಅವ್ವಾ, ನಾ ಬಾಳೇಶನ್ನ ಬಿಟ್ಟ ಯಾರನ್ನೂ ಒಲ್ಲೆ.’ ಆರತಿ ಆರಬಾರದೆಂದು ನಾನು ಕೈ ಅಡ್ಡ ಹಿಡಿದೆ.

ನಾಲ್ಕು ದಿನ ಆಯಿತು, ನಿಮ್ಮ ಪತ್ರ ಬಂದು. ತಾಯಂದಿರು ಒಂದು ವರ್ಷ ಅಳುತ್ತಾರೆ ಎಂದು ಬರೆದಿದ್ದೀರಿ. ಯಾರು ಎಣಿಸಿದರು? ನೀವು ಎಣಿಸಿದಿರಾ? ಬಸ್ಸು ಹತ್ತಿಸುವುದು ಸುಲಭ ಮೇಡಂ. ಟಿಕೇಟು ನಿಮ್ಮದಲ್ಲ.

ನಾನೂ ಲಗ್ನದ ತಯಾರಿ ನಿಲ್ಲಿಸಿಲ್ಲ. ಕಂಬಳಿ ಕೂಡ ತಂದಾಯಿತು. ನಮ್ಮಲ್ಲಿ ಮದುಮಕ್ಕಳು ಕಂಬಳಿಯ ಮೇಲೆ ಕೂಡ್ರದೆ ಅಕ್ಷತೆ ಬೀಳುವುದಿಲ್ಲ. ನಾಲ್ಕು ತಲೆಮಾರಿನಿಂದ ನಮ್ಮ ಮನೆಯ ಲಗ್ನಕ್ಕೆಲ್ಲ ಕಾಡಸಿದ್ದನ ಮನೆಯ ಕಂಬಳಿ. ಕಬ್ಬು ಕಡಿದ ಮೇಲೆ ಅವರ ಕುರಿ ನಮ್ಮ ಹೊಲದಲ್ಲಿ ಕೂಡ್ರುತ್ತವೆ, ಹೊಲಕ್ಕೆ ಗೊಬ್ಬರ ಆಗುತ್ತದೆ. ಲಗ್ನ ಬಂದಾಗ ಅವರು ಕಂಬಳಿ ಕೊಡುತ್ತಾರೆ, ನಾವು ಮೊರದ ತುಂಬ ಜೋಳ, ಬೆಲ್ಲ ಕೊಡುತ್ತೇವೆ. ಕೇಳಿದರೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಮೊನ್ನೆ ಮಡ್ಡಿಗೆ ಹೋಗಿದ್ದೆ. ಗೋಡೆಯ ಮೇಲೆ ಕೆಂಪು ಅಂಚಿನ ಹೊಸ ಕಂಬಳಿ ನೇತು ಹಾಕಿತ್ತು, ಕೈಯಿಟ್ಟರೆ ಬೆಣ್ಣೆಯಂತೆ. ಇದೇ ಇರಲಿ ಎಂದು ತೆಗೆದು ಹೆಗಲಿಗೆ ಹಾಕಿಕೊಂಡೆ. ಬಾಳೇಶನ ತಾಯಿ ದುಂಡವ್ವ ತುಟಿ ಎರಡು ಮಾಡಲಿಲ್ಲ, ಕುಂಕುಮ ಹಚ್ಚಿ ಕಳಿಸಿದಳು.

ಇನ್ನು ನೀವು ಬರೆಯುವುದು ಬೇಡ. ನಿಮ್ಮ ಪುಸ್ತಕವನ್ನು ಕೌದಿಯಲ್ಲಿ ಇದ್ದ ಹಾಗೇ ಇಟ್ಟಿದ್ದೇನೆ.

ರುಕ್ಮವ್ವ


ತುಮಕೂರು
8 ಅಕ್ಟೋಬರ್ 2024

ರುಕ್ಮವ್ವನವರೇ,

ಬರೆಯಬೇಡಿ ಎಂದಿದ್ದೀರಿ. ಈ ಒಂದು ಪತ್ರ ಓದಿ, ಆಮೇಲೆ ಒಲೆಗೆ ಹಾಕಿ.

ನಾನು ಎಣಿಸಿಲ್ಲ. ಅದು ನಿಜ. ಕಲ್ಪನೆಯಿಂದ ಬರೆಯುತ್ತೇನೆ ಎಂದದ್ದು ಸುಳ್ಳು.

ಇಪ್ಪತ್ತೆಂಟು ವರ್ಷದ ಹಿಂದೆ ಹೊಸದುರ್ಗದ ಹತ್ತಿರದ ನಮ್ಮ ಹಳ್ಳಿಯಿಂದ ಒಂದು ಮಧ್ಯಾಹ್ನ ನಾನು ಹೊರಟೆ. ಅಮ್ಮ ಜಗುಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಸಂತೆಗೆ ಹೋಗಿ ಬರುತ್ತೇನೆ ಎಂದೆ. ಕೈ ನಿಲ್ಲಿಸದೆ, ‘ಬೇಗ ಬಾ’ ಎಂದಳು. ಅಷ್ಟೇ. ನಾನು ಮದುವೆಯಾದವರು ಬಹಳ ಒಳ್ಳೆಯವರಾಗಿದ್ದರು; ಅವರು ತೀರಿಕೊಂಡು ನಾಲ್ಕು ವರ್ಷ. ಅಮ್ಮ ಅದಕ್ಕೂ ಎರಡು ವರ್ಷ ಮುಂಚೆ ಹೋದಳು. ನಡುವೆ ಒಂದು ಸಲವೂ ಅವಳನ್ನು ನೋಡಲಿಲ್ಲ. ಅಪ್ಪ ಬಿಡಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಾನೂ ಬಾಗಿಲು ತಟ್ಟಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ. ಬಸ್ಸು ಹತ್ತಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ ರುಕ್ಮವ್ವ. ಕಿಟಕಿಯಿಂದ ತಿರುಗಿ ನೋಡದೆ ಹೋದದ್ದಕ್ಕೆ ಇದೆ.

ಹದಿನಾಲ್ಕು ಕಾದಂಬರಿಗಳಲ್ಲಿ ಆ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಒಳಗೆ ಬಿಟ್ಟರೆ ಅವಳು ಏನು ಮಾಡುತ್ತಾಳೆಂದು ನೋಡಬೇಕಾಗುತ್ತದಲ್ಲ! ನೀವು ಕೇಳಿದ ಪ್ರಶ್ನೆಯ ಮುಂದೆ ಒಂದು ತಿಂಗಳಿನಿಂದ ಕುಳಿತಿದ್ದೇನೆ. ಎರಡನೇ ಭಾಗವನ್ನು ಪ್ರಕಾಶಕರಿಂದ ವಾಪಸು ತರಿಸಿಕೊಂಡೆ. ನೀವೇ ಹೇಳಿ. ಆ ದಿನ ನನ್ನ ಅಮ್ಮ ಏನು ಮಾಡಿರುತ್ತಾಳೆ? ಏನು ಉಂಡಿರುತ್ತಾಳೆ?

ಕೊನೆಗೊಂದು ಮಾತು, ಉಪದೇಶವಲ್ಲ. ಕಂಬಳಿಯ ವಿಷಯ ಎರಡು ಮೂರು ಸಲ ಓದಿದೆ. ಕಥೆ ಬರೆದು ಬರೆದು ನನಗೆ ಗೊತ್ತಿರುವುದು ಇದೊಂದೇ: ಮಾತಿಲ್ಲದೆ ಕೊಟ್ಟವರ ಹತ್ತಿರ ಒಂದು ಮಾತು ಉಳಿದಿರುತ್ತದೆ. ದುಂಡವ್ವ ಯಾಕೆ ಸುಮ್ಮನಿದ್ದರು?

ವನಮಾಲಾ


ಶಿರಗುಪ್ಪಿ
20 ಅಕ್ಟೋಬರ್ 2024, ಸಂಕಷ್ಟಿ

ವನಮಾಲಾ ಅಕ್ಕನಿಗೆ ರುಕ್ಮವ್ವನ ನಮಸ್ಕಾರ.

ನಿಮ್ಮ ಪತ್ರ ಒಲೆಗೆ ಹಾಕಲಿಲ್ಲ. ದೇವರ ಮಾಡದಲ್ಲಿ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಹಾಲು ಹಾಕಿ ಹಾಗೇ ಮಡ್ಡಿಗೆ ಹೋದೆ. ದುಂಡವ್ವ ಕುರಿಮರಿಗೆ ಹಾಲು ಬಿಡುತ್ತಿದ್ದಳು. ಕಂಬಳಿ ತೂಗಿದ ಗೂಟ ಹಾಗೇ ಖಾಲಿ ಇತ್ತು.

‘ದುಂಡವ್ವಾ, ನಾ ಅವತ್ತ ಒಯ್ದ ಕಂಬಳಿ ಯಾರ ಸಲುವಾಗಿ ನೇಯಿಸಿದ್ದಿ?’

‘ಅದೇನ ಬಿಡ್ರಿ ಅವ್ವಾರ. ನಿಮ್ಮ ಮನಿಗೆ ಹ್ವಾದದ್ದು ದೇವರಿಗೆ ಹ್ವಾದಂಗ.’

‘ದೇವರನ್ನ ಅಡ್ಡ ತರಬ್ಯಾಡ. ಉಪಾಸ ಅದೀನಿ, ಖರೆ ಹೇಳು.’

ಅವಳು ಮರಿಯನ್ನು ಕೆಳಗಿಟ್ಟಳು. ‘ನಮ್ಮ ಬಾಳ್ಯಾನ ಲಗ್ನದ್ದರಿ. ಮೂರ ವರ್ಷ ಕುರಿಮರಿ ಉಣ್ಣಿ ಕೂಡಿಟ್ಟು ನೂತಿದ್ದೆ.’

‘ಮತ್ತ ಯಾಕ ಕೊಟ್ಟಿಬೇ? ಇದೊಂದ ಬ್ಯಾಡ ಅನ್ನಾಕ ನಿನಗ ಬಾಯಿ ಇರಲಿಲ್ಲೇನ?’

‘ನೀವು ಗ್ವಾಡಿ ಮ್ಯಾಲಿಂದ ತಗದು ಹೆಗಲಿಗಿ ಹಾಕ್ಕೊಂಡ್ರಿ. ನಮ್ಮ ಪ್ರಾಜಕ್ತಾ ಕುಂಡ್ರಾಕ ಅಂದ್ರಿ. ನಾ ಅನಕೊಂಡೆ, ಹೋಗಲಿ, ಯಾರ ಕುಂಡ್ರಬೇಕಿತ್ತೋ ಅಕೀನ ಕುಂಡ್ರತಾಳ. ಅರ್ಧಾ ಆದ್ರೂ ಖರೆ ಆತಲ್ಲ ಅಂತ.’ ಹೀಗೆಂದು ನಕ್ಕಳು. ಅಕ್ಕಾ, ಅಳುತ್ತ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದರೆ ಅವಳಿಗೆ ಗೊತ್ತಿತ್ತು, ಎಷ್ಟೋ ದಿನದಿಂದ. ನಾನು ಹಕ್ಕು ಎಂದುಕೊಂಡು ಇನ್ನೊಬ್ಬ ತಾಯಿಯ ಮೂರು ವರ್ಷದ ಆಸೆಯನ್ನು ಹೆಗಲ ಮೇಲೆ ಹಾಕಿಕೊಂಡು ಊರ ನಡುವೆ ನಡೆದು ಬಂದಿದ್ದೇನೆ. ಮನೆಗೆ ಬಂದು ಪೆಟ್ಟಿಗೆ ತೆಗೆದು ಕಂಬಳಿ ನೋಡಿದೆ. ಈ ಕಂಬಳಿಯ ಮೇಲೆ ಪ್ರಾಜಕ್ತಾಳ ಮಗ್ಗಲು ಶಿವರಾಜನನ್ನು ಕೂಡ್ರಿಸಿ ನಾನು ಯಾವ ದೇವರಿಗೆ ಕೈ ಮುಗಿಯಲಿ? ತಿರುಗಿ ಕೊಟ್ಟುಬಿಡಲೆ ಎಂದರೆ ಅದಕ್ಕೂ ಮನಸ್ಸು ಬಾರದು. ಏನೂ ಗಟ್ಟಿ ಮಾಡಿಲ್ಲ. ಇವರಿಗೆ ಹೇಳಿಲ್ಲ.

ನೀವು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಬರೆಯುತ್ತೇನೆ. ನಿಮ್ಮ ಅವ್ವನಿಗೆ ಗೊತ್ತಿತ್ತು. ಸಂತೆಗೆ ಹೋಗುವ ಮಗಳು ಅಂಗಳದಲ್ಲಿ ನಿಂತು ಮನೆಯನ್ನು ನೋಡುವುದಿಲ್ಲ, ನೀವು ನೋಡಿರುತ್ತೀರಿ. ಸಂತೆಗೆ ಹೊರಟರೆ ಯಾವ ತಾಯಿಯೂ ಬೇಗ ಬಾ ಎಂದಷ್ಟೇ ಹೇಳಿ ಬಿಡುವುದಿಲ್ಲ. ಉಪ್ಪು ತಾ, ಮೆಣಸಿನಕಾಯಿ ತಾ ಎನ್ನುತ್ತಾಳೆ. ನಿಮ್ಮ ಅವ್ವ ಏನನ್ನೂ ತಾ ಎನ್ನಲಿಲ್ಲ.

ಆ ಅವರೆಕಾಯಿ ಪೂರ್ತಿ ಬಿಡಿಸಿರುತ್ತಾಳೆ. ಸಂಜೆ ದನ ಹಿಂಡಿರುತ್ತಾಳೆ, ದನಕ್ಕೆ ಯಾರು ಹೋದರೆಂದು ತಿಳಿಯುವುದಿಲ್ಲ. ಕಾಳಿನ ಸಾರು ಮಾಡಿ ನಿಮ್ಮ ತಾಟನ್ನೂ ಇಟ್ಟಿರುತ್ತಾಳೆ, ಆಮೇಲೆ ಎತ್ತಿರುತ್ತಾಳೆ. ಮತ್ತು ಅಕ್ಕಾ, ಅವಳು ಉಪವಾಸ ಮಲಗಿರುವುದಿಲ್ಲ. ಉಂಡಿರುತ್ತಾಳೆ, ಎಲ್ಲರ ಎದುರು ಕುಳಿತು. ಉಣ್ಣದಿದ್ದರೆ ಮನೆಯ ಗಂಡಸರು ಯಾಕೆ ಎಂದು ಕೇಳುತ್ತಿದ್ದರು, ಹುಡುಕಲು ಹೊರಡುತ್ತಿದ್ದರು. ನಿಮ್ಮ ಬಸ್ಸು ದೂರ ಹೋಗುವ ತನಕ ಅವಳು ಉಂಡಿದ್ದಾಳೆ.

ಇದನ್ನು ನಿಮಗೆ ಹೇಳುತ್ತಿದ್ದೇನೋ, ನನಗೇ ಹೇಳಿಕೊಳ್ಳುತ್ತಿದ್ದೇನೋ ಗೊತ್ತಾಗಲಿಲ್ಲ.

ರುಕ್ಮವ್ವ


ಶಿರಗುಪ್ಪಿ
12 ನವೆಂಬರ್ 2024, ಕಾರ್ತಿಕ ಏಕಾದಶಿ

ಅಕ್ಕನಿಗೆ ನಮಸ್ಕಾರ.

ಇವತ್ತು ಉಪವಾಸ, ನಾಳೆ ತುಳಸಿ ಲಗ್ನ. ಕಟ್ಟೆಗೆ ಸುಣ್ಣ ಬಳಿದು, ಮಂಟಪಕ್ಕೆ ಐದು ಕಬ್ಬು ತಂದಿಟ್ಟು ಬರೆಯುತ್ತಿದ್ದೇನೆ.

ದೀಪಾವಳಿ ಪಾಡ್ಯದ ದಿನ ಇವರು ಎಣ್ಣೆ ನೀರು ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಪೆಟ್ಟಿಗೆಯಿಂದ ಕಂಬಳಿ ತಂದು ಅವರ ಮುಂದೆ ಹಾಸಿದೆ. ಪ್ರಾಜಕ್ತಾ ಅದರ ಕೆಂಪು ಅಂಚು ನೋಡಿದ್ದೇ ತಡ, ಕಂಬಕ್ಕೆ ಮುಖ ಹಚ್ಚಿ ನಿಂತಳು. ಅವಳಿಗೂ ಗೊತ್ತಿತ್ತಲ್ಲ, ಯಾರ ಕಂಬಳಿ ಎಂದು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಇವರು, ‘ಕುರಿಯವರ ಹುಡುಗ ಅಂತೀ?’ ಎಂದರು.

‘ಹೌದ್ರಿ. ಅವರ ಕುರಿ ಹೊಲದಾಗ ಕುಂತ್ರ ಹೊಲ ಮೈಲಿಗಿ ಆಗೂದಿಲ್ಲ, ಬೆಳಿ ಬರತೈತಿ. ಅವರ ಕಂಬಳಿ ಮ್ಯಾಲ ನಮ್ಮ ದೇವರ ಕುಂಡ್ರತಾನ. ನಾನೂ ನೀವೂ ಕುಂತ ಅಕ್ಕಿಕಾಳ ಹಾಕಿಸ್ಕೊಂಡೇವಿ. ಆ ಹುಡುಗ ಕುಂತ್ರ ಅಷ್ಟ ಏನ ಆಗತೈತಿ?’

‘ಊರ ಏನಂದೀತ?’

‘ಅಂದೀತ. ಊರಿಗಿ ಬಾಯಿ ಐತಿ. ಅಂದ ಅಂದ ಸಾಕಾಗಿ ತನ್ನ ಎಮ್ಮಿ ಹಿಂಡಾಕ ಹೊಕ್ಕೈತಿ.’

‘ನಿನಗೇನ ಬೇಕ ಇದರಾಗ?’ ಎಂದು ಸಿಟ್ಟಿನಿಂದ ಕೇಳಿದರು.

ಮೂವತ್ತೆರಡು ವರ್ಷದಲ್ಲಿ ಇವರು ನನಗೆ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಸಿಟ್ಟಿನಿಂದಲಾದರೂ ಕೇಳಿದರಲ್ಲ! ‘ನನಗ ಇದ ಬೇಕ್ರಿ,’ ಎಂದೆ. ‘ಇಷ್ಟ ದಿನ ಏನೂ ಬೇಡಿಲ್ಲ. ಇದ ಒಂದ ಬೇಕ. ಅಕಿ ಕದ್ದ ಹೋಗೂದ ಬ್ಯಾಡ, ಹಗಲೊತ್ತಿನ್ಯಾಗ ನನ್ನ ಕಣ್ಣ ಮುಂದ ಹೋಗಲಿ.’

ಐದು ದಿನ ಇವರು ಮಾತಾಡಲಿಲ್ಲ. ಊಟ ಮಾಡಿದರು, ಹೊಲಕ್ಕೆ ಹೋದರು, ಬಂದರು. ಪ್ರಾಜಕ್ತಾ ನನ್ನ ಮಗ್ಗಲಲ್ಲಿ ಮಲಗಿ ಹೇಳಿದಳು, ‘ಅವ್ವಾ, ಗೌರಿ ದಿನ ನೀ ಬ್ಯಾಡ ಅಂದ ಬೈದಿದ್ರ ಮರುದಿನಾನ ಹೋಗತಿದ್ನಿ. ನೀ ಸುಮ್ಮನ ಆರತಿಗಿ ಕೈ ಹಿಡದಿ. ಕಾಲ ಏಳಲಿಲ್ಲ.’ ನೋಡಿ ಅಕ್ಕಾ, ನಿಮ್ಮ ಪುಸ್ತಕದ ಜಡ್ಜ್ ಸಾಹೇಬರು ಅಷ್ಟೊಂದು ಕೂಗದಿದ್ದರೆ ಸುಮಿತ್ರಾ ಏನು ಮಾಡುತ್ತಿದ್ದಳೋ.

ಆರನೇ ದಿನ ಇವರು ಪಡಸಾಲೆಯಲ್ಲಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ರಾಯಬಾಗದವರಿಗೆ, ‘ನಮ್ಮ ಹುಡುಗಿ ಮನಸ ಬ್ಯಾರೆ ಐತ್ರಿ. ನಿಮ್ಮ ಹುಡುಗ ಬಂಗಾರದಂಥವ, ಅವನ ಬಾಳ್ವೆ ಯಾಕ ಕೆಡಸೂದು. ತಪ್ಪ ತಿಳಕೋಬ್ಯಾಡ್ರಿ,’ ಎನ್ನುತ್ತಿದ್ದರು. ನಾನು ಆಗ ಎಲ್ಲಿದ್ದೆ ಗೊತ್ತೇ? ಬಾಗಿಲಲ್ಲಿ! ಸೆರಗು ಬಾಯಿಗೆ ಹಿಡಿದುಕೊಂಡು, ನಿಮ್ಮ ಸುಮಿತ್ರಾಳ ತಾಯಿ ನಿಂತ ಹಾಗೇ. ಆಮೇಲೆ ಇವರು ಚಪ್ಪಲಿ ಮೆಟ್ಟಿ ಮಡ್ಡಿಗೆ ಹೋದರಂತೆ. ಹೋಗಿ ಕಾಡಸಿದ್ದನಿಗೆ ಕೇಳಿದ್ದು ಇಷ್ಟೇ: ‘ಕಬ್ಬ ಕಡದ ಮ್ಯಾಲ ಕುರಿ ಯಾವಾಗ ತರತಿ?’ ಅವನು, ‘ನೀವು ಅಂದಾಗ ತರತೀನ್ರಿ,’ ಎಂದನಂತೆ. ಇಬ್ಬರೂ ಒಂದು ತಾಸು ಕುಳಿತು ಮಳೆಯ ಮಾತಾಡಿ ಎದ್ದರಂತೆ. ಗಂಡಸರ ಬಾಯಿಂದ ಇದಕ್ಕಿಂತ ಹೆಚ್ಚು ಹೊರಡುವುದಿಲ್ಲ.

ಹುಡುಗನನ್ನು ಮನೆಗೆ ಕರೆಯಿರಿ ಎಂದು ಇವರು ಅಂದಿಲ್ಲ. ಬೇಡ ಎಂದೂ ಅಂದಿಲ್ಲ. ಬಾಳೇಶ ಈಗಲೂ ಹಿತ್ತಲಿನಿಂದಲೇ ಬಂದು ಹೋಗುತ್ತಾನೆ, ತಲೆ ಎತ್ತುವುದಿಲ್ಲ. ಅವನ ಕಾಲು ಮುಂಬಾಗಿಲು ದಾಟುವ ತನಕ ಏನೂ ಆದ ಹಾಗಲ್ಲ ಎಂದು ನನಗೆ ಗೊತ್ತು. ಕಂಬಳಿ ನಮ್ಮ ಮನೆಯಲ್ಲೇ ಇದೆ. ದುಂಡವ್ವನಿಗೆ ಹೇಳಿ ಕಳಿಸಿದ್ದೇನೆ, ತಿರುಗಿ ಕೊಡುವುದಿಲ್ಲ, ಯಾರ ಸಲುವಾಗಿ ನೂತಿದ್ದಿಯೋ ಅವನೇ ಇಲ್ಲಿಗೆ ಬರಲಿ ಎಂದು.

ಮೊನ್ನೆ ಬಳೆಗಾರ ಬಂದಿದ್ದ. ಇವರೇ ಕರೆದು ಕಟ್ಟೆಗೆ ಕೂಡ್ರಿಸಿ, ‘ನಮ್ಮಾಕಿಗಿ ಸಪ್ಪಳ ಆಗುವಂಥವು ಹಾಕಪಾ,’ ಎಂದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನಿಮ್ಮ ಎರಡನೇ ಭಾಗ ಎಲ್ಲಿಗೆ ಬಂತು? ಸುಮಿತ್ರಾ ಹತ್ತಲಿ, ಬಿಡಲಿ, ಅದು ಈಗ ನಿಮ್ಮ ಖುಷಿ. ಅವಳ ತಾಯಿಗೆ ಏನು ಹೆಸರಿಟ್ಟಿರಿ, ಅದನ್ನು ಮಾತ್ರ ಬರೆಯಿರಿ.

ನಿಮ್ಮ ತಂಗಿ
ರುಕ್ಮವ್ವ


ಶಿರಗುಪ್ಪಿ
26 ನವೆಂಬರ್ 2024, ಏಕಾದಶಿ

ಚಿರಂಜೀವಿ ಬಾಳೇಶನಿಗೆ ಆಶೀರ್ವಾದ.

ಈ ಚೀಟಿಯನ್ನು ಸಕ್ಕುಬಾಯಿಯ ಕೈಯಲ್ಲಿ ದವಾಖಾನೆಗೆ ಕಳಿಸಿದ್ದೇನೆ. ಅವಳು ಏನಾದರೂ ಕೇಳಿದರೆ ಉತ್ತರ ಕೊಡಬೇಡ.

ನನಗೆ ಇವತ್ತು ಉಪವಾಸ. ನಿನ್ನೆ ಹೊಲದಲ್ಲಿ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿದೆ, ಹೆಜ್ಜೆ ಊರಲು ಬರುವುದಿಲ್ಲ. ಬೆಳಿಗ್ಗೆ ಎಮ್ಮೆಯನ್ನೂ ಪ್ರಾಜಕ್ತಾಳೇ ಹಿಂಡಿದಳು. ತುಮಕೂರಿನಿಂದ ಅಕ್ಕನ ಪತ್ರ ಬಂದಿದೆ ಎಂದು ಜಿನ್ನಪ್ಪ ಹೇಳಿ ಕಳಿಸಿದ್ದಾನೆ. ಅದರಲ್ಲಿ ಒಂದು ಹೆಸರಿರಬೇಕು, ಅದಕ್ಕೆ ಬಹಳ ದಿನದಿಂದ ಕಾದಿದ್ದೇನೆ. ನೀನು ಕೆಲಸ ಮುಗಿಸಿ ಬರುವಾಗ ಅಂಚೆ ಕಚೇರಿಗೆ ಹೋಗಿ ಅದನ್ನು ತೆಗೆದುಕೊಂಡು ನಮ್ಮ ಮನೆಗೆ ಬಾ.

ಮುಂಬಾಗಿಲಿನಿಂದ ಬಾ. ಇವರು ಪಡಸಾಲೆಯಲ್ಲೇ ಕುಳಿತಿರುತ್ತಾರೆ. ಈ ಚೀಟಿ ಬರೆಯುವುದನ್ನು ನೋಡಿದ್ದಾರೆ, ಯಾರಿಗೆ ಎಂದು ಕೇಳಿದರು, ಹೇಳಿದೆ. ಎದ್ದು ಹೋಗಲಿಲ್ಲ.

ಜಿನ್ನಪ್ಪ ಮನೆಯ ಮಂದಿಗೆ ಬಿಟ್ಟು ಇನ್ನೊಬ್ಬರಿಗೆ ಟಪಾಲು ಕೊಡುವುದಿಲ್ಲ. ನೀನು ಯಾರು ಎಂದು ಕೇಳುತ್ತಾನೆ. ರುಕ್ಮವ್ವನ ಮನೆಯವನು ಎಂದು ಹೇಳು, ಕೊಡುತ್ತಾನೆ.